ಗಾಜಿನ ಕೋಣೆಯ ಕರೆಂಟು

ವಿಶಾಖಪಟ್ಟಣದ ಬೆವರಿನಲ್ಲಿ ಸ್ವೆಟರ್ ಹೊತ್ತು ತಿರುಗುತ್ತಿದ್ದವರೆಂದರೆ ನಾನು ಕಂಡಂತೆ ನಮ್ಮ ಮೇಡಂ ಒಬ್ಬರೇ. ಮೊಣಕೈ ಬಳಿ ನೂಲು ಎದ್ದಿದ್ದ ಕೆಂಪು ಸ್ವೆಟರ್ ಅದು. ದ್ವಾರಕಾ ನಗರದ ಯಾವುದಾದರೂ ಬ್ಯಾಂಕಿಗೋ ಹೋಟೆಲಿಗೋ ಕಾಲಿಟ್ಟೊಡನೆ ಅದನ್ನು ಚೀಲದಿಂದ ತೆಗೆದು, ಅಲ್ಲಿನ ಮ್ಯಾನೇಜರನ ಕಣ್ಣೆದುರಿಗೇ ಒಂದೊಂದಾಗಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಆತ ಮುಜುಗರಪಟ್ಟು ಎ.ಸಿ. ರಿಮೋಟು ಹುಡುಕುವವರೆಗೆ ಬೇರೆ ಮಾತಿಲ್ಲ.

ಮಧುರವಾಡದ ಅಪಾರ್ಟ್‌ಮೆಂಟೊಂದರ ಕೆಳಮನೆಯಲ್ಲಿ ಅವರ ಪುಟ್ಟ ಕಂಪನಿ. ಆಸ್ಪತ್ರೆ, ಹೋಟೆಲು, ಕಾಲೇಜುಗಳ ಎ.ಸಿ., ಪಂಪುಗಳಿಗೆ ಸಣ್ಣ ಮೀಟರ್ ಕೂರಿಸಿ, ಕರೆಂಟು, ನೀರು ಎಲ್ಲಿ ಪೋಲಾಗುತ್ತಿದೆ ಎಂದು ಅಲ್ಲಿನವರ ಫೋನಿನಲ್ಲೇ ಗೆರೆ ಎಳೆದು ತೋರಿಸುವುದು ನಮ್ಮ ಕೆಲಸ. ಮೇಡಂ ಧಾರವಾಡದಲ್ಲಿ ಹುಟ್ಟಿ ತೆಲುಗು ಮನೆ ಸೇರಿದವರು. ಅವರ ಬಾಯಲ್ಲಿ ‘ರೀ’ ಬೆನ್ನಿಗೇ ತೆಲುಗಿನ ‘ಅಂಡಿ’ ಬಂದು ಕೂರುತ್ತಿತ್ತು. ಮೈಸೂರಿನಿಂದ ಬಂದ ನನ್ನನ್ನು ಮೊದಲ ದಿನವೇ ‘ತಂಗಿ’ ಎಂದರು. ಪ್ರೀತಿಯಿಂದಲೋ, ಬೈಯಲು ಅನುಕೂಲವೆಂದೋ ಇವತ್ತಿಗೂ ತಿಳಿಯದು.

ಬೈಗುಳಕ್ಕಂತೂ ಬರವಿರಲಿಲ್ಲ. ನಾನು ಬಣ್ಣಬಣ್ಣದ ಗ್ರಾಫು ಮಾಡಿ ತೋರಿಸಿದರೆ ಕನ್ನಡಕ ಹಣೆಗೇರಿಸಿ ನೋಡುತ್ತಿದ್ದರು.

“ಭಾಳ ಛಂದ ಐತಿ. ಇದನ್ನ ನೋಡಿ ಯಾರು ಕುರ್ಚಿ ಬಿಟ್ಟು ಏಳತಾರ, ಅದನ್ನ ಹೇಳು. ಎದ್ದು ಹೋಗಿ ಒಂದು ಸ್ವಿಚ್ ಆರಿಸಿದ್ರ ಇದು ಕೆಲಸ. ಇಲ್ಲಾಂದ್ರ ರಂಗೋಲಿ.”

ನನ್ನ ಎಷ್ಟೋ ರಂಗೋಲಿಗಳು ಆ ಆಫೀಸಿನಲ್ಲೇ ಅಳಿಸಿಹೋದವು.

ಅವರು ಎಂಥ ಗಟ್ಟಿಗಿತ್ತಿ ಎಂಬುದು ನನಗೆ ತಿಳಿದದ್ದು ವಿಜಯವಾಡದ ಆಸ್ಪತ್ರೆಯೊಂದರಲ್ಲಿ. ಆಗ ನಮಗಿದ್ದ ದೊಡ್ಡ ಕೆಲಸ ಅದೊಂದೇ. ಅದು ಕೈಬಿಟ್ಟರೆ ಆಫೀಸಿಗೆ ಬೀಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯ ಒಡೆಯರಾದ ಡಾಕ್ಟರಿಗೆ ನಮ್ಮ ಗೆರೆಗಳ ಮೇಲೆ ವಿಪರೀತ ಮೋಹ. ತಾವು ಕರೆಂಟು ಉಳಿಸಿದ್ದನ್ನು ಊರೆಲ್ಲ ನೋಡಲಿ ಎಂದು ಮುಂಬಾಗಿಲ ಬಳಿಯೇ ಗಾಜಿನ ಕೋಣೆ ಕಟ್ಟಿಸಿ, ಗೋಡೆ ತುಂಬ ದೊಡ್ಡ ದೊಡ್ಡ ಟಿ.ವಿ. ಹಾಕಿಸಿದರು. ಟಿ.ವಿ.ಗಳು ಬಿಸಿಯಾಗಬಾರದೆಂದು ಒಂದು ಎ.ಸಿ. ಗಾಜಿಗೆ ಬಿಸಿಲು ಬೀಳುತ್ತದೆಂದು ಇನ್ನೊಂದು. ನಮ್ಮ ಪದ್ಧತಿಯಂತೆ ಆ ಕೋಣೆಗೂ ಒಂದು ಮೀಟರ್ ಕೂರಿಸಿದ್ದೆವು. ಕೋಣೆಯ ಉದ್ಘಾಟನೆಗೆ ಇನ್ನೊಂದು ವಾರವಿದೆ ಎನ್ನುವಾಗ ನೋಡಿದರೆ, ಹೊರರೋಗಿಗಳ ಇಡೀ ಮಹಡಿಯಲ್ಲಿ ನಾವು ಉಳಿಸಿದ್ದನ್ನು ಆ ಕೋಣೆಯೊಂದೇ ತಿಂದು ತೇಗಿತ್ತು. ಮೂಗಿಗಿಂತ ಮೂಗುತಿ ಭಾರ.

ಅಲ್ಲಿನ ಮ್ಯಾನೇಜರು ಆ ಕೋಣೆಯನ್ನು ಲೆಕ್ಕದಿಂದ ತೆಗೆದುಬಿಡಿ ಎಂದರು. ನಾನು ಮೇಡಂಗೆ ಫೋನ್ ಮಾಡಿದೆ. ಮರುದಿನ ರೈಲು ಹತ್ತಿ ಬಂದೇಬಿಟ್ಟರು. ಡಾಕ್ಟರನ್ನು ಗಾಜಿನ ಕೋಣೆಗೆ ಕರೆತಂದು, ಫೋನು ನೋಡುತ್ತಿರಿ ಎಂದು ಹೇಳಿ, ಟಿ.ವಿ., ಎ.ಸಿ.ಗಳನ್ನು ಒಂದೊಂದಾಗಿ ಆರಿಸಿದರು. ಫೋನಿನಲ್ಲಿ ಗೆರೆ ಮೆಟ್ಟಿಲಿಳಿದಂತೆ ಇಳಿದು ನೆಲ ಮುಟ್ಟಿತು.

“ಡಾಕ್ಟರ್ ಗಾರು, ಉದ್ಘಾಟನೆ ಬೇಡ ಅನ್ನುವುದಿಲ್ಲ,” ಎಂದು ತೆಲುಗಿನಲ್ಲಿ ಹೇಳಿದರು. “ಬರುವ ಅತಿಥಿಗಳ ಕೈಯಲ್ಲಿ ಇದನ್ನೆಲ್ಲ ಆರಿಸಿಯೇ ಉದ್ಘಾಟನೆ ಮಾಡಿಸಿ. ರೋಗಿಗಳ ಮನೆಯವರು ಹೊರಗೆ ನೆಲದ ಮೇಲೆ ಕೂತಿದ್ದಾರೆ. ಬಾಗಿಲು ಕಿಟಕಿ ತೆರೆದು ಕೋಣೆ ಅವರಿಗೆ ಕೊಡಿ.”

ಡಾಕ್ಟರ ಮುಖ ಕೆಂಪಾಯಿತು. “ಕಾರ್ಡು ಹಂಚಿಯಾಗಿದೆ ಅಮ್ಮಾ, ನನ್ನ ಮರ್ಯಾದೆ ಏನಾಗಬೇಕು? ಆ ಲೆಕ್ಕ ತೆಗೆಯಿರಿ. ಇಲ್ಲವಾದರೆ ಕೆಲಸ ಬಿಡಿ.”

“ಬಿಡುತ್ತೇವೆ,” ಎಂದರು ಮೇಡಂ.

ನನ್ನ ಜೀವ ಬಾಯಿಗೆ ಬಂತು. ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಕೂತಾಗ ಬಾಯಿಬಿಟ್ಟೆ.

“ಇನ್ನೊಂದ್ಸಲ ಮಾತಾಡ್ಬೋದಿತ್ತಲ್ವಾ ಮೇಡಂ? ಎಲ್ರ ಕೆಲ್ಸಾನೂ ಹೋಗುತ್ತೆ,” ಎಂದೆ.

“ಅಂಜಿಕಿ ನನಗೂ ಐತಿ ತಂಗಿ. ಆದ್ರ ಸುಳ್ಳು ತೋರಿಸೋ ಮೀಟರ್ ಹಿಡಕೊಂಡು ನಾ ಯಾರ ಬಾಗಿಲಿಗೂ ಹೋಗಂಗಿಲ್ಲ. ನಾಳಿಂದ ಸಣ್ಣ ಕೆಲಸ ಹುಡುಕೂಣು, ನಡಿ.”

ಹುಡುಕಿದರು. ಕಾಲೇಜು ಹಾಸ್ಟೆಲಿನ ನೀರಿನ ಪಂಪು, ಗನ್ನವರಂ ದಾರಿಯ ಕಲ್ಯಾಣಮಂಟಪ, ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ, ಯಾವುದಕ್ಕೂ ಮೂಗು ಮುರಿಯಲಿಲ್ಲ. ತಮಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಆಸ್ಪತ್ರೆಯ ಹಾಸಿಗೆಯಿಂದಲೇ ಫೋನಿನಲ್ಲಿ ಬೈದು ಕೆಲಸ ಮಾಡಿಸಿದರು. ಆಫೀಸಿಗೆ ಬೀಗ ಬೀಳಲಿಲ್ಲ. ಅವರು ಹೋಗಿಬಿಟ್ಟರು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಒಂದು ದಿನ ಆ ಡಾಕ್ಟರು ಆಫೀಸಿಗೆ ಫೋನ್ ಮಾಡಿದರು. ಮೇಡಂ ತೀರಿಕೊಂಡದ್ದು ಅವರಿಗೆ ತಿಳಿದಿರಲಿಲ್ಲ. ಹೊಸ ಕಟ್ಟಡದ ಕೆಲಸ ನಮಗೇ ಕೊಡುವುದಾಗಿ ಹೇಳಿ, “ಆ ಕೋಣೆಯನ್ನು ಉದ್ಘಾಟನೆಯಾದ ಸ್ವಲ್ಪ ದಿನಕ್ಕೇ ಆರಿಸಿಬಿಟ್ಟೆ ಅಮ್ಮಾ. ಈಗ ರೋಗಿಗಳ ಮನೆಯವರು ಅಲ್ಲಿ ಕೂರುತ್ತಾರೆ. ಮೇಡಂ ಗಾರುಗೆ ಹೇಳಲು ಮುಖವಿರಲಿಲ್ಲ. ಒಂದು ಸಲ ಅವರಿಗೆ ಫೋನ್ ಕೊಡಿ,” ಎಂದರು.

ನನಗೆ ಮೈ ಉರಿದುಹೋಯಿತು. ಅವರು ಇಲ್ಲ ಎಂದೆ. “ಬದುಕಿದ್ದಾಗ ಒಂದು ಮಾತು ಹೇಳಲು ನಿಮಗೇನಾಗಿತ್ತು ಸಾರ್? ಹೊಸ ಕೆಲಸದ ಮಾತು ಆಮೇಲೆ. ಮೊದಲು ಬಂದು ಅವರ ಯಜಮಾನರ ಮುಂದೆ ಇದನ್ನು ಹೇಳಿ,” ಎಂದೆ.

ಅವರು ಬಂದರು. ಮೇಡಂ ಮನೆಯ ಹಾಲಿನಲ್ಲಿ ಕೂತು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಮೇಡಂ ಯಜಮಾನರು ನಿವೃತ್ತ ಮೇಷ್ಟ್ರು, ತೆಲುಗಿನವರು. ಕೊನೆಯವರೆಗೂ ಕೇಳಿಸಿಕೊಂಡು, “ಆಕೆಗೆ ಗೊತ್ತಿತ್ತು,” ಎಂದರು.

ನಮ್ಮ ಮೀಟರುಗಳನ್ನು ಆಸ್ಪತ್ರೆಯವರು ಕಿತ್ತೇ ಇರಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ನಾವು ಆ ಆಸ್ಪತ್ರೆಯ ಗೆರೆಗಳ ಪುಟ ಮುಚ್ಚಿದ್ದರೂ ಮೇಡಂ ಫೋನಿನಲ್ಲಿ ಅದು ಹಾಗೆಯೇ ಉಳಿದಿತ್ತು. ಒಂದು ಬೆಳಿಗ್ಗೆ ಗಾಜಿನ ಕೋಣೆಯ ಗೆರೆ ನೆಲಕ್ಕಿಳಿದದ್ದನ್ನು ಕಂಡು ಅವರು ಅಡುಗೆಮನೆಯಿಂದ ಯಜಮಾನರನ್ನು ಕೂಗಿ ತೋರಿಸಿದರಂತೆ. ಈಗಲೇ ಡಾಕ್ಟರಿಗೆ ಫೋನ್ ಮಾಡು, ಕೆಲಸ ವಾಪಸ್ ಸಿಗುತ್ತದೆ ಎಂದು ಇವರು ಹೇಳಿದರೆ, ಬೇಡ ಎಂದರಂತೆ. ಹೆಂಡತಿಯ ಮಾತನ್ನು ಮೇಷ್ಟ್ರು ಆಕೆಯ ಧಾರವಾಡದ ಕನ್ನಡದಲ್ಲೇ ನನಗೆ ಹೇಳಿದರು:

“ಬ್ಯಾಡ್ರಿ. ಅವರು ತಮ್ಮ ಕೈಯಾರೆ ಆರಿಸ್ಯಾರ. ನಾ ಈಗ ಫೋನ್ ಮಾಡಿದ್ರ ಅದು ನನ್ನ ಗೆಲುವು ಆಗತೈತಿ. ಅವರದಾ ಇರಲಿ.”

ಡಾಕ್ಟರು ಅರ್ಥವಾಗದೆ ನನ್ನತ್ತ ನೋಡಿದರು. ಮೇಷ್ಟ್ರೇ ಅದನ್ನು ತೆಲುಗಿನಲ್ಲಿ ಹೇಳಿದರು. ಈಗ ಆಫೀಸು ನೋಡಿಕೊಳ್ಳುವ ನಾನು ಹೊಸ ಕಟ್ಟಡದ ಕೆಲಸ ಒಪ್ಪಿಕೊಂಡಿದ್ದೇನೆ. ಸುಳ್ಳು ಲೆಕ್ಕ ತೋರಿಸದಿರುವುದನ್ನು ಮೇಡಂ ನನಗೆ ಕಲಿಸಿ ಹೋದರು. ಗೆದ್ದದ್ದನ್ನು ಎದುರಿನವರಿಗೇ ಬಿಟ್ಟುಕೊಟ್ಟು ಸುಮ್ಮನಿರುವುದನ್ನು ಇನ್ನು ನಾನೇ ಕಲಿಯಬೇಕು.