ಸೀಟಿಗೂ ಹಸಿಬಿಗೂ ನಡುವಿನ ಕೌದಿ

ಅಣ್ಣನ ಫಟಫಟಿಯ ಸದ್ದು ಮಸೂತಿ ದಾರಿಯ ತಿರುವಿನಲ್ಲೇ ಮನೆಗೆ ಕೇಳಿಸುತ್ತಿತ್ತು. ಅವ್ವ ಆಗ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಈಗ ಬಾಗೇವಾಡಿಯಲ್ಲಿ ಎಷ್ಟೋ ಗಾಡಿಗಳು ಓಡುತ್ತವೆ. ಆ ಸದ್ದು ಯಾವುದಕ್ಕೂ ಇಲ್ಲ. ಸಂಜೆಯಾದರೆ ನನ್ನ ಕಿವಿ ಮಾತ್ರ ಇನ್ನೂ ಆ ಕಡೆಗೇ ಇರುತ್ತದೆ.

ಅಣ್ಣ ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳಲ್ಲಿ ಸೀರೆ, ಕುಪ್ಪಸದ ಖಣ ಮಾರುತ್ತಿದ್ದ. ಅಪ್ಪ ಕುದುರೆಯ ಬೆನ್ನಿಗೆ ಹಾಕುತ್ತಿದ್ದ, ಎರಡೂ ಕಡೆ ಜೋತುಬೀಳುವ ಹಸಿಬಿ ಚೀಲವನ್ನೇ ಅವನು ಫಟಫಟಿಯ ಹಿಂದೆ ಹಾಕಿಕೊಂಡ. ಕುದುರೆಗೆ ಹೊಂದಿದ್ದು ಫಟಫಟಿಗೆ ಹೊಂದಲಿಲ್ಲ. ಸೀಟಿನ ಕೆಳಗೆ ಸ್ಪ್ರಿಂಗು. ತಗ್ಗುದಿನ್ನೆಯಲ್ಲಿ ಸೀಟು ಏರಿಳಿದಂತೆಲ್ಲ ಅದರ ಕಬ್ಬಿಣದ ಅಂಚು ಚೀಲವನ್ನು ತಿಕ್ಕುತ್ತಿತ್ತು. ಅಣ್ಣ ಆ ಅಂಚಿಗೆ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿದ. ಅದರ ಕರಿ ಖಣಗಳಿಗೆ ಹತ್ತಿತು. ಗೋಣಿತಟ್ಟು ಎಂಟು ದಿನವೂ ಬಾಳಲಿಲ್ಲ.

"ತಂಗಿ, ಒಂದು ಸಣ್ಣ ಕೌದಿ ಹೊಲಿದು ಕೊಡು. ಸಾಲಿ ಅಂತೂ ಮೂರಕ್ಕ ಬಿಟ್ಟಿ, ಸೂಜಿಯರ ನಿನ್ನ ಮಾತು ಕೇಳ್ತೈತಿ."

"ಫಟಫಟಿಗೆ ಕೌದಿ ಹೊಚ್ಚಿದ್ರ ಮಂದಿ ನಗ್ತಾರ."

"ನಗ್ಲಿ. ಅದಕ್ಕ ಥಂಡಿ ಆಗೇತಿ ಅಂತೇನಿ."

ಅವಸರಕ್ಕೆ ಕಾರಣವಿತ್ತು. ಆ ವಾರ ಕೊಲ್ಹಾರದ ಹುಡುಗಿಗೆ ನಿಶ್ಚಯದ ಸೀರೆ ಒಯ್ಯಬೇಕಿತ್ತು. ಗೊಳಸಂಗಿಯ ಸಂತೆಯಲ್ಲಿ ಖಣ ಕೊಳ್ಳಲು ಬಂದವಳನ್ನು ಅಣ್ಣ ತಾನೇ ಮೆಚ್ಚಿದ್ದ. ಹಸಿರು ಸೀರೆಯನ್ನು ಮೂರು ಸಲ ಬಿಚ್ಚಿ ನನಗೆ ತೋರಿಸಿದ್ದ.

ಅವ್ವನ ಹಳೆಯ ಸೀರೆಗಳನ್ನು ಏಳು ಪದರ ಇಟ್ಟು ಹೊಲಿದೆ. ನಮ್ಮಲ್ಲಿ ಕೌದಿಯ ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುತ್ತು ಇಡುತ್ತಾರೆ. ಹಸಿದ ಕೌದಿ ಹೊದೆಯಬಾರದು ಎಂದು ಆಯಿ, ಅವ್ವನ ತಾಯಿ, ಹೇಳುತ್ತಿದ್ದಳು. ಅದಕ್ಕೆ ಒಣರೊಟ್ಟಿಯ ಚೂರು ಸಾಕು. ನಾನು ಅಣ್ಣನ ಮದುವೆಯ ಖುಷಿಯಲ್ಲಿ ತುಪ್ಪ ಸವರಿದ ಹೋಳಿಗೆಯ ತುಂಡು ಇಟ್ಟೆ.

ಬೆಳಗ್ಗೆ ಬೇಗ ಹೊರಡಬೇಕೆಂದು ಅಣ್ಣ ಹಿಂದಿನ ದಿನವೇ ಹಸಿಬಿ ತುಂಬಿ, ಕೌದಿಯನ್ನು ಸೀಟಿಗೆ ಕಟ್ಟಿ, ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಬೆಳಗ್ಗೆ ಕಸ ಹೊಡೆಯಲು ಹೋದಾಗ ನೋಡಿದೆ. ಇಲಿಗಳು ಕೌದಿಯ ಆ ಮೂಲೆಯನ್ನು ಬಗೆದಿದ್ದವು. ಅದರ ಕೆಳಗೆ ಚೀಲವೂ ತೂತಾಗಿತ್ತು. ತೂತಿನಲ್ಲಿ ಹಸಿರು ಬಣ್ಣ ಕಾಣುತ್ತಿತ್ತು. ಸೀರೆಗೆ ಇನ್ನೂ ಏನೂ ಆಗಿರಲಿಲ್ಲ.

ಆಗ ಅಣ್ಣನನ್ನು ಕರೆಯಬೇಕಿತ್ತು. ಮನೆಯ ತುಂಬ ನೆಂಟರು. ಫಟಫಟಿಗೆ ಹೋಳಿಗೆ ಉಣಿಸಿದವಳು ಎಂದು ಎಲ್ಲರೂ ನಗುತ್ತಾರೆ ಎನಿಸಿತು. ಹರಿದ ಮೂಲೆಯನ್ನು ಒಳಗೆ ಮಡಚಿ, ಸೀಟಿನ ಕೆಳಗೆ ತುರುಕಿ, ಲಾಡಿ ಬಿಗಿದೆ. ಹಿರಿಯರು ಬಸ್ಸಿಗೆ ಹೋದರು. ಅಣ್ಣ ನನ್ನ ತಲೆಗೆ ಮೊಟಕಿ ಗಾಡಿ ಏರಿದ.

ಕೊಲ್ಹಾರ ಮುಟ್ಟುವಷ್ಟರಲ್ಲಿ ಸೀಟಿನ ಅಂಚು ಆ ತೂತಿನೊಳಗಿಂದ ಸೀರೆಯ ಮಡಿಕೆಗಳನ್ನೆಲ್ಲ ತಿಂದಿತ್ತು. ಬಿಚ್ಚಿದರೆ ಸಾಲಾಗಿ ತೂತು, ಸುತ್ತಲೂ ಕರಿ. "ಹರಕ ಸೀರಿ ಹುಡುಗಿ ಉಡಿಯಾಗ ಹ್ಯಾಂಗ ಹಾಕೂದ್ರಿ?" ಎಂದರಂತೆ ಅವರ ಮನೆಯ ಹಿರಿಯರೊಬ್ಬರು. ಶಕುನ ಕೆಟ್ಟಿತೆಂದು ಮಾತು ಅಲ್ಲಿಗೇ ಮುರಿಯಿತು.

"ಸೀಟು ತಿಂದ್ಬಿಡ್ತು ತಂಗಿ," ಎಂದ ಅಣ್ಣ, ಮನೆಗೆ ಬಂದು. "ನಿನ್ನ ಕೌದಿ ಪಾಪ ಏನ್ ಮಾಡೀತು."

"ಹೌದಣ್ಣ," ಎಂದೆ.

ಮುಂದೆ ಅವನಿಗೆ ಬೇರೆ ಕಡೆ ಮದುವೆಯಾಯಿತು, ಮಕ್ಕಳಾದವು. ಕೊಲ್ಹಾರಕ್ಕೆ ಮಾತ್ರ ಅವನು ಮತ್ತೆ ಹೋಗಲಿಲ್ಲ. ಆ ಹಳೆಯ ಕೊಲ್ಹಾರ, ಸೀರೆ ಬಿಚ್ಚಿದ ಆ ಮನೆ, ಎಲ್ಲ ಈಗ ಅಣೆಕಟ್ಟಿನ ನೀರಿನ ಕೆಳಗಿದೆ.

ಆ ನಿಶ್ಚಯ ಮುರಿದ ಮೇಲೆ ಅಣ್ಣ ಮತ್ತೊಂದು ಕೌದಿ ಕೇಳಿದ್ದ. "ಈ ಸಲ ಹತ್ತು ಪದರ ಹಾಕು," ಎಂದಿದ್ದ. ಹಾಕಿದೆ. ಮೂಲೆಯಲ್ಲಿ ಏನೂ ಇಡದೆ ಮುಚ್ಚಿದೆ. ಅದು ಕಡೆಯತನಕ ಬಾಳಿತು. ಗಾಡಿ ಮಾರಿದ ದಿನ ಅದನ್ನು ಬಿಚ್ಚಿ ತಂದು, "ನಿಂದು ನಿನಗ," ಎಂದು ಕೊಟ್ಟ. ಅವತ್ತಾದರೂ ಹೇಳಬಹುದಿತ್ತು.

ಅಣ್ಣ ಈಗ ಇಲ್ಲ. ಸೀಟಿನ ಅಂಚು ತಿಕ್ಕಿದ ಕರಿ ಗೆರೆ ಕೌದಿಯ ಮೇಲೆ ಹಾಗೇ ಇದೆ. ನಾನು ಅದನ್ನು ಒಗೆದಿಲ್ಲ. ಸಂಜೆ ತೊಡೆಯ ಮೇಲೆ ಇಟ್ಟುಕೊಂಡು ಮಸೂತಿ ದಾರಿಯ ಕಡೆ ಮುಖ ಮಾಡಿ ಕೂರುತ್ತೇನೆ. ಆ ತಿರುವಿನಲ್ಲಿ ಒಮ್ಮೆ ಸದ್ದು ಕೇಳಿದರೆ, ಅವನು ಇಳಿಯುವ ಮೊದಲೇ ಹೇಳುತ್ತೇನೆ. ಸೀಟಲ್ಲಣ್ಣ, ಇಲಿ. ನಾ ನೋಡಿದ್ನಿ.