ಕೊಡದ ಲೆಕ್ಕದ ಜೇನುಪೆಟ್ಟಿಗೆ

ಗೆಳತಿಯರೇ, ಇಂದು ಬೆಳಿಗ್ಗೆ ಜೇವರ್ಗಿ ಕಾಲೋನಿಯ ನಮ್ಮ ಹಿತ್ತಲಿನಲ್ಲಿ ಜೇನುತುಪ್ಪ ತುಂಬಿದ ಪೆಟ್ಟಿಗೆಯನ್ನು ನಾನೊಬ್ಬಳೇ ಎತ್ತಿ ಇಳಿಸಿದೆ. ಈ ನಲವತ್ತೆಂಟರ ಸೊಂಟದಿಂದಲೇ.

ಪೆಟ್ಟಿಗೆ ಮಾಡಿಸುವಾಗ ಕಮಲಾಪುರದ ಅಣ್ಣ ನಕ್ಕಿದ್ದ. "ಇಷ್ಟು ಗಿಡ್ಡ ಯಾಕ? ನನ್ನ ಪೆಟ್ಟಿಗಿಯಂಗ ದೊಡ್ಡದು ಮಾಡ್ಸು. ಎತ್ತಾಕ ನಾ ಬರ್ತೀನಿ."

ನಾನು ಮೋಮಿನಪುರದ ಬಡಗಿಗೆ ಒಂದೇ ಮಾತು ಹೇಳಿದ್ದೆ: "ತುಂಬಿದ ಮ್ಯಾಲೆ ನೀರಿನ ಕೊಡಕ್ಕಿಂತ ಭಾರ ಆಗಬಾರದ್ರಿ ಚಾಚಾ." ಅವರು ಎತ್ತರವನ್ನು ಅರ್ಧಕ್ಕೆ ಇಳಿಸಿಕೊಟ್ಟಿದ್ದರು.

ಮಧ್ಯಾಹ್ನ ಅಣ್ಣ ಸೊಂಟ ಹಿಡಿದುಕೊಂಡೇ ಬಂದ. ತನ್ನ ದೊಡ್ಡ ಪೆಟ್ಟಿಗೆಯನ್ನು ನಿನ್ನೆ ಎತ್ತಲು ಹೋಗಿದ್ದನಂತೆ, ಅದು ಅಲುಗಲೇ ಇಲ್ಲವಂತೆ. ಪಾತ್ರೆಯಲ್ಲಿದ್ದ ನನ್ನ ತುಪ್ಪ ನೆಕ್ಕುತ್ತ ಮೆಲ್ಲಗೆ ಕೇಳಿದ, "ಆ ಬಡಗಿ ಎಲ್ಲಿರ್ತಾನ, ತಂಗಿ?"

ವಿಳಾಸ ಕೊಟ್ಟು ಹೇಳಿದೆ: "ಹೊಸಾದು ಆಗೋತನ ಚಿಂತಿ ಮಾಡಬ್ಯಾಡ ಅಣ್ಣಾ. ಎತ್ತಾಕ ನಾ ಬರ್ತೀನಿ."