ಮಾತ್ರೆಯ ಮಡಿ

ತಿನ್ನುವ ಯಾವ ವಸ್ತುವನ್ನೂ ಮೊದಲು ಮೂಗಿಗೆ ಹಿಡಿದು, ಆಮೇಲಷ್ಟೇ ಬಾಯಿಗೆ ದಯಪಾಲಿಸುವ ದುರಭ್ಯಾಸ ನನಗಿದೆ. ಮಳೆಗಾಲದಲ್ಲಿ ಹೆಂಡತಿ ಕರಿದಿಟ್ಟ ಹಪ್ಪಳಕ್ಕೂ ಈ ಪರೀಕ್ಷೆ ತಪ್ಪಿದ್ದಲ್ಲ. ‘ನಿಮಗ ನನಗಿಂತ ನಿಮ್ಮ ಮೂಗಿನ ಮ್ಯಾಲೆ ಭಾಳ ನಂಬಿಕಿ ನೋಡ್ರಿ’ ಎಂದು ಆಕೆ ಸಿಡುಕುವುದರಲ್ಲಿ ತಪ್ಪೇನೂ ಇಲ್ಲ.

ಏನು ಮಾಡಲಿ ಹೇಳಿ, ನನಗೆ ಅನ್ನ ಹಾಕಿದ್ದೇ ಮೂಗು. ಎಂಬತ್ತರ ದಶಕದ ಆರಂಭದಲ್ಲಿ ಪುಣೆಯ ಔಷಧ ಕಾರ್ಖಾನೆಯೊಂದರಲ್ಲಿ ನಾನು ಮಾತ್ರೆಗಳ ಜ್ಯೋತಿಷಿಯಾಗಿದ್ದೆ. ತೇವ ತಾಗಿದರೆ ಕೆಡುವ ಆಸ್ಪಿರಿನ್ ಮಾತ್ರೆಗಳನ್ನು ಸ್ಟ್ರಿಪ್ಪಿನ ಸಮೇತ ಬಿಸಿಯೂ ಹಸಿಯೂ ಆದ ಪೆಟ್ಟಿಗೆಯೊಳಗೆ ಕೂಡಿಹಾಕಿ, ಆಗಾಗ ತೆರೆದು ಮೂಸಿ, ಅವು ಹೀರಿಕೊಂಡ ನೀರನ್ನು ತೂಗಿ, ಹೊರಲೋಕದಲ್ಲಿ ಅವುಗಳ ಆಯುಷ್ಯವೆಷ್ಟೆಂದು ಗುಣಿಸಿ ಹೇಳುವುದು ನನ್ನ ಕಾಯಕ. ಸ್ವಂತ ಜಾತಕದ ತಲೆಬುಡ ತಿಳಿಯದ ನಾನು, ಇವು ಎರಡು ಮಳೆಗಾಲ ನಿಶ್ಚಿಂತೆಯಿಂದ ಬಾಳುತ್ತವೆಂದು ಬರೆದುಕೊಟ್ಟೆ. ಮಾತ್ರೆಗಳು ಊರೂರಿಗೆ ಹೋದವು.

ಮೊದಲ ಆಷಾಢದಲ್ಲೇ ಪುಣೆಗೆ ಹತ್ತಿರದ ಭೋರ್‌ನಲ್ಲಿದ್ದ ಸೋದರತ್ತೆಯ ಮನೆಗೆ ಹೋದೆ. ಆಕೆಯ ಹೃದಯಕ್ಕೆಂದು ವೈದ್ಯರು ಬರೆದದ್ದೂ ನಮ್ಮ ಕಾರ್ಖಾನೆಯ ಅದೇ ಮಾತ್ರೆ. ಪೂಜೆ ಮುಗಿಸಿ ಅತ್ತೆ ಹಿತ್ತಾಳೆಯ ಡಬ್ಬಿ ತೆರೆದದ್ದೇ ತಡ, ಹುಳಿ ಘಾಟು ಮೂಗಿಗೆ ಬಡಿಯಿತು. ಆಸ್ಪಿರಿನ್ ಕೆಟ್ಟಾಗ ಬರುವ ವಾಸನೆ ಅದು! ಲೆಕ್ಕ ತಪ್ಪಿದ್ದರೆ ಅತ್ತೆಯಂಥ ಎಷ್ಟು ಮಂದಿ ನನ್ನನ್ನು ನಂಬಿ ಕೆಟ್ಟ ಮಾತ್ರೆ ನುಂಗುತ್ತಿರಬಹುದು?

‘ಅತ್ತಿ, ಇದರ ಸ್ಟ್ರಿಪ್ ಎಲ್ಲಿ?’

‘ಮಡಿಯೊಳಗ ತಗೊಳ್ಳೋ ಔಷಧ, ಪ್ಯಾಟಿ ಕಾಗದದಾಗ ಇಡ್ಲೇನೋ? ತಂದ ದಿನಾನ ಎಲ್ಲಾ ಬಿಡಿಸಿ ತೀರ್ಥದ ಬಟ್ಟಲದ ಬಾಜೂಕ ಇಟ್ಟೀನಿ.’

ನನ್ನ ಲೆಕ್ಕದಲ್ಲಿ ಉಷ್ಣವಿತ್ತು, ಆರ್ದ್ರತೆಯಿತ್ತು, ಮಡಿಯಿರಲಿಲ್ಲ. ಆದರೂ ಸಂಶಯ ಬಿಡಬೇಕಲ್ಲ! ಪುಣ್ಯಕ್ಕೆ ಮಾವ ತಲೆನೋವಿಗೆಂದು ಅದೇ ಮಾತ್ರೆಯ ಒಂದು ಸ್ಟ್ರಿಪ್ಪನ್ನು ಕೋಟಿನ ಜೇಬಿನಲ್ಲಿ ಮೈಲಿಗೆಯಲ್ಲೇ ಮರೆತಿದ್ದರು. ಹರಿದು ಮೂಸಿದೆ, ಮತ್ತೆ ಮೂಸಿದೆ. ಏನೂ ಇಲ್ಲ! ಆ ಏನೂ ಇಲ್ಲದ ವಾಸನೆಯಷ್ಟು ಹಿತವಾದ ಪರಿಮಳವನ್ನು ನಾನು ಇಂದಿಗೂ ಕಂಡಿಲ್ಲ. ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟೆ.

ಇದು ಕಾಗದವಲ್ಲ, ಲೋಹ ಎಂದು ತಿಳಿಸಿ ಹೇಳಿದೆ. ಅತ್ತೆ ಬೆಳಕಿಗೆ ಹಿಡಿದು ನೋಡಿ, ‘ಬೆಳ್ಳಿ ಹಂಗ ಅದಲ್ಲೋ! ಮೊದಲ ಹೇಳಬಾರದೇನು?’ ಎಂದವಳೇ ಹೊಸ ಸ್ಟ್ರಿಪ್ ತರಿಸಿ, ಅದರ ಮೇಲೆ ನೀರು ಚಿಮುಕಿಸಿ ದೇವರ ಮುಂದಿಟ್ಟಳು. ನೀರು ಕಂಡು ನನ್ನ ಜೀವ ಹೋದಂತಾಯಿತು. ಸ್ಟ್ರಿಪ್ ಮಾತ್ರ ಜಗ್ಗಲಿಲ್ಲ.

ಹಪ್ಪಳವನ್ನು ಈಗಲೂ ಮೂಸಿಯೇ ತಿನ್ನುತ್ತೇನೆ. ಆದರೆ ಮೆತ್ತಗಾಗಿದ್ದರೆ ಹಪ್ಪಳವನ್ನಾಗಲಿ ಹೆಂಡತಿಯನ್ನಾಗಲಿ ದೂರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದಿಟ್ಟವರು ಯಾರೆಂದು ಕೇಳುತ್ತೇನೆ. ಹೆಚ್ಚಿನ ಸಲ ಅದು ನಾನೇ ಆಗಿರುತ್ತೇನೆ.